ಯಾರದು ತಪ್ಪೆಂದು ಹೇಳದ ಡ್ರಿಲ್ ಮೇಷ್ಟ್ರು

ಜಗಳ ಬಿಡಿಸಲು ಹೊರಟರೆ ಚೌರಪ್ಪ ಮೇಷ್ಟ್ರು ಮೊದಲು ಕೊರಳಲ್ಲಿದ್ದ ವಿಷಲ್ಲನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅರಕೆರೆಯ ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮೇಷ್ಟ್ರು. ಕಬಡ್ಡಿ ಅಂಕಣದಲ್ಲಿ ಅವರು ವಿಷಲ್ಲು ಊದಿದರೆ ಎದುರಾಡುವವರಿರಲಿಲ್ಲ. ಊರಿನ ಜಗಳಗಳಲ್ಲಿ ಮಾತ್ರ ಯಾರು ಸರಿ, ಯಾರು ತಪ್ಪು ಎಂದು ಅವರ ಬಾಯಿಂದ ಕೇಳಿದವರೇ ಇಲ್ಲ.

ಇದು ನನ್ನನ್ನು ರೇಗಿಸುತ್ತಿತ್ತು. ಆಗ ನಾನು ಕಾಲೇಜಿನ ಚರ್ಚಾಪಟು. ಪಾಂಡವಪುರವಾಗಲಿ, ನಾಗಮಂಗಲವಾಗಲಿ, ಸ್ಪರ್ಧೆ ನಡೆದ ಕಡೆಯಿಂದ ಷೀಲ್ಡು ಹೊತ್ತು ತರುತ್ತಿದ್ದವನು. ತೀರ್ಪಿಲ್ಲದ ವಾದವೂ ಒಂದು ವಾದವೇ?

“ನೀವು ರೆಫರಿ ಅಲ್ವಾ ಸಾರ್? ಔಟೋ ಅಲ್ವೋ ಅಂತ ಹೇಳೋಕೆ ಏನು ಕಷ್ಟ?” ಎಂದು ಒಮ್ಮೆ ಕೆಣಕಿದೆ.

“ಆಟದಾಗ್ ಏಳ್ತೀನಿ ಕಣ್ಲಾ. ಆಟ ಮುಗುದ್ರೆ ಸೋತೋನೂ ಮನೆಗ್ ಓಯ್ತಾನೆ. ಮನೆನಾಗೇ ಸೋತೋನು ಎಲ್ಲಿಗ್ ಓಗ್ಬೇಕ್ಲಾ?”

ಮೇಷ್ಟ್ರದು ಪಾಲಹಳ್ಳಿಯ ಕ್ರೈಸ್ತ ಮನೆತನ. ಒಂದು ಭಾನುವಾರ, ಅವರ ದೇವರನ್ನು ಪರೀಕ್ಷಿಸುವ ಉಮೇದಿನಲ್ಲಿ ಅವರ ಜೊತೆ ಚರ್ಚಿಗೆ ಹೋಗಿದ್ದೆ. ಸತ್ಪ್ರಸಾದಕ್ಕೆ ಎಲ್ಲರೂ ಸಾಲುಗಟ್ಟಿದರು. ಮೇಷ್ಟ್ರು ಕೊನೆಯ ಬೆಂಚಿನಲ್ಲೇ ಕೂತಿದ್ದರು. ಹಿಂದಿನ ದಿನ ಪಕ್ಕದ ಮನೆ ಗೌಡರ ಎಮ್ಮೆ ಇವರ ಅವರೆಗಿಡ ಮೇಯ್ದು, ಇವರು ಬಾಯಿಗೆ ಬಂದಂತೆ ಬೈದಿದ್ದರಂತೆ. ಪೂಜೆ ಮುಗಿದದ್ದೇ ತಡ, ನೇರ ಆ ಮನೆಗೆ ನಡೆದರು.

“ತಪ್ಪು ಎಮ್ಮೆದಲ್ವಾ ಸಾರ್?”

“ತಪ್ಪು ಎಮ್ಮೆದೇಯ. ಬೈಸ್ಕೊಂಡಿದ್ದು ಗೌಡ್ರಲ್ವಾ? ಮುನಿಸು ಮಡಿಕ್ಕೊಂಡು ಯೇಸುಸ್ವಾಮಿ ಮುಂದೆ ನಿಂತ್ರೆ ಅವ್ರಿಗೆ ನನ್ ಬೆನ್ನು ಕಾಣ್ತದೆ, ಮೊಕ ಕಾಣಾಕಿಲ್ಲ.”

ಇದರಲ್ಲಿ ತರ್ಕವಿಲ್ಲ ಎಂದೆ. ಇಲ್ಲ ಎಂದು ಅವರೂ ಸಂತೋಷವಾಗಿ ಒಪ್ಪಿಕೊಂಡರು. ಒಪ್ಪಿಕೊಂಡುಬಿಡುವವರ ಜೊತೆ ವಾದ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆ ವರ್ಷ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತಿತ್ತು. ನಾಲೆ ನೀರಿನ ಸರದಿ ದೊಡ್ಡಪ್ಪನದಿದ್ದಾಗ ಅಪ್ಪ ಹೇಳದೆ ಕೇಳದೆ ಬದು ಕಡಿದು ನೀರನ್ನು ನಮ್ಮ ಗದ್ದೆಗೆ ತಿರುಗಿಸಿದ್ದರು. ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಚಪ್ಪರದ ಮೊದಲ ಕಂಬವನ್ನು ಹಿರಿಯನೇ ನೆಡಬೇಕು. ಅಪ್ಪ ಕರೆಯಲು ಹೋಗಲಿಲ್ಲ. ದೊಡ್ಡಪ್ಪ ಕರೆಯದೆ ಬರುವವರಲ್ಲ. ಅಕ್ಕ ಅವರ ಸೈಕಲ್ಲಿನ ಮೇಲೆ ಕೂತೇ ಸ್ಕೂಲು ಕಲಿತವಳು. “ದೊಡ್ಡಪ್ಪ ಕಂಬ ನೆಡ್ದಿದ್ರೆ ನಾನು ಹಸೆಮಣೆ ಮ್ಯಾಲೆ ಕೂರಾಕಿಲ್ಲ” ಎಂದು ಅಡುಗೆಮನೆ ಸೇರಿಬಿಟ್ಟಳು.

ಅವ್ವ ಮೇಷ್ಟ್ರನ್ನು ಕರೆಸಿದಳು. ಒಣಗುತ್ತಿದ್ದ ಪೈರು, ಬದುವಿನ ಹಕ್ಕು, ಎಲ್ಲ ಪೋಣಿಸಿ ನಾನು ಅಪ್ಪನ ಪರ ವಾದ ಮಂಡಿಸಿದೆ. ಮೇಷ್ಟ್ರು ಪೂರ್ತಿ ಕೇಳಿದರು.

“ಚೆಂದಾಗ್ ಏಳ್ದೆ. ಕಾಲೇಜ್ನಾಗೆ ಪರ ವಿರೋಧ ಎರಡೂ ಮಾತಾಡ್ತೀಯಂತೆ?”

“ಚೀಟಿ ಎತ್ತಿದಾಗ ಯಾವ್ದು ಬರುತ್ತೋ ಅದು.”

“ಇವತ್ತು ನಿಂಗೆ ದೊಡ್ಡಪ್ಪನ ಚೀಟಿ ಬಂದೈತೆ ಅನ್ಕೊ. ಓಗಿ ಕೇಳ್ಕೊಂಡ್ ಬಂದು ನಿಮ್ಮಪ್ಪನ ಮುಂದೆ ಏಳು. ದೊಡ್ಡಪ್ಪ ಮರೇಲ್ ನಿಂತು ಕೇಳಿಸ್ಕೊಂಡ್ರೂ ‘ಊಂ, ನಾನಂದಿದ್ದು ಇದೇಯ’ ಅನ್ಬೇಕು. ಅಂಗ್ ಏಳು.”

ದೊಡ್ಡಪ್ಪ ಹಸುಗಳಿಗೆ ಹುಲ್ಲು ಹಾಕುತ್ತಿದ್ದರು. “ಏನ್ಲಾ ಭಾಷಣಕಾರ? ನಿಮ್ಮಪ್ಪ ಕಳ್ಸುದ್ನಾ, ಆ ಪಾದ್ರಿ ಮೇಷ್ಟ್ರು ಕಳ್ಸುದ್ರಾ?” ಎಂದರು. ನಿಮ್ಮ ಪರ ಮಾತಾಡಬೇಕಾಗಿದೆ ಎಂದಾಗ ನಕ್ಕರು. ಆಮೇಲೆ ಹುಲ್ಲಿನ ಕಂತೆ ಕೆಳಗಿಟ್ಟರು.

“ನೀರು ಓದ್ರೆ ಓಯ್ತು ಬುಡ್ಲಾ, ನಾಳೆ ಬತ್ತದೆ. ಪೈರು ಒಣಗ್ತಾ ಐತೆ ಕಣಣ್ಣ ಅಂದಿದ್ರೆ ನಾನೇ ಗುದ್ಲಿ ತಕ್ಕೊಂಡ್ ಬತ್ತಿದ್ದೆ. ನಮ್ಮಪ್ಪ ಓದ್ಮೇಲೆ ಅವನ್ನ ಎಗಲ್ ಮ್ಯಾಲೆ ಒತ್ತು ಸಾಕ್ದೋನು ನಾನು. ನನ್ನತ್ರ ಕದೀಬೇಕಾಗಿತ್ತಾ ಅವ್ನು?”

ಮನೆಗೆ ಬಂದು ಅಪ್ಪನ ಎದುರು ನಿಂತು ಅದನ್ನೇ ಹೇಳಿದೆ. ಅಲಂಕಾರ ಸೇರಿಸಲು ಮನಸ್ಸಾಗಲಿಲ್ಲ. ಅಪ್ಪ ಅಲ್ಲೇ ಕೂತಿದ್ದ ಮೇಷ್ಟ್ರ ಕಡೆ ತಿರುಗಿದರು.

“ಕೇಳಿದ್ರೆ ಎಲ್ಲಿ ಇಲ್ಲ ಅಂದ್ಬುಟ್ಟಾನೋ ಅಂತ ಎದ್ರಿಕೊಂಡೆ ಕಣ್ ಮೇಷ್ಟ್ರೆ.”

“ಅದ್ನ ನಂಗ್ಯಾಕ್ ಏಳ್ತೀರಿ ಗೌಡ್ರೆ? ನಾನೇನ್ ನಿಮ್ಮಣ್ಣನಾ?”

ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಪ್ಪರದ ದಿನ ದೊಡ್ಡಪ್ಪ ಹಾರೆ ಹೊತ್ತು ಬಂದರು. ಗುಂಡಿ ಆಳ ಸಾಲದು ಎಂದು ಅಪ್ಪನನ್ನು ಬೈದರು. ಅಪ್ಪನೂ ತಿರುಗಿ ಬೈದರು. ಇಬ್ಬರ ಗಲಾಟೆ ಕೇಳಿ ಅಕ್ಕ ನಗುತ್ತ ಅಡುಗೆಮನೆಯಿಂದ ಈಚೆ ಬಂದಳು.

ಮೇಷ್ಟ್ರನ್ನು ನಾನು ಕೊನೆಯದಾಗಿ ಕಂಡದ್ದು ಅವರು ನಿವೃತ್ತರಾದ ಮೇಲೆ, ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ಪಾಲಹಳ್ಳಿ ಬಸ್ಸು ಬರುವವರೆಗೂ ದೇವರಿಲ್ಲ ಎಂದು ವಾದಿಸಿದೆ. ಅವರು ಕಡಲೆಕಾಯಿ ಸುಲಿದು ನನಗೂ ಕೊಡುತ್ತ, ತಲೆಯಾಡಿಸುತ್ತ ಕೇಳಿದರು. ಬಸ್ಸು ಹತ್ತುವಾಗ, “ಮುಂದಿನ್ ಸಲ ದೇವ್ರ ಪರ ನೀನ್ ಮಾತಾಡು. ಇಲ್ಲ ಅನ್ನೋದ್ನ ನಾನ್ ಏಳ್ತೀನಿ” ಎಂದರು.

ಆ ಮುಂದಿನ ಸಲ ಬರಲಿಲ್ಲ. ಅವರ ಮಣ್ಣಿಗೆ ಅಪ್ಪನೂ ದೊಡ್ಡಪ್ಪನೂ ಒಂದೇ ಮೊಪೆಡ್ಡಿನಲ್ಲಿ ಹೋದರು, ದಾರಿಯುದ್ದಕ್ಕೂ ನೀರಿನ ಸರದಿಯ ವಿಚಾರಕ್ಕೆ ಕಿತ್ತಾಡುತ್ತ.

ನನಗೆ ಇನ್ನೂ ದೇವರಲ್ಲಿ ನಂಬಿಕೆ ಬಂದಿಲ್ಲ. ಆದರೂ ಆ ಮುಂದಿನ ಸಲದ ಚರ್ಚೆಗೆ ತಯಾರಿ ನಡೆಸಿದ್ದೆ. ದೇವರ ಪರವಾಗಿ ಎಷ್ಟು ಹುಡುಕಿದರೂ ಗಟ್ಟಿಯಾಗಿ ನಿಲ್ಲುವ ಸಾಕ್ಷಿ ಸಿಕ್ಕಿದ್ದು ಒಂದೇ, ಚೌರಪ್ಪ ಮೇಷ್ಟ್ರು. ಅದನ್ನು ಅವರ ಎದುರಿಗೇ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ.