ದುಂಡವ್ವನ ಹೊಸ ಮೂಗು

ದುಂಡವ್ವ ತೋಳಕ್ಕೆ ಹೆದರಿದವಳಲ್ಲ. ಖಂಡೇರಾಜುರಿ ಎಂಬ ಊರಿನ ಕುರಿಹಟ್ಟಿಯಲ್ಲಿ ಒಬ್ಬಳೇ ಕೊಡಲಿ ಹಿಡಿದು ಕಾವಲಿದ್ದವಳು, ನಾಲ್ಕು ಮಂದಿ ಗಂಡಸರ ಬಾಯಿ ಮುಚ್ಚಿಸುವ ಬಾಯಿ ಅವಳದು. ಅಂಥವಳು ಮೂಗಿನ ಮೇಲಿನ ಒಂದು ಹುಣ್ಣಿಗೆ ಹೆದರಿ ಎರಡು ವರ್ಷ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲು ಅದು ಜೋಳದ ಕಾಳಿನಷ್ಟಿತ್ತು. ಅರಿಷಿಣ ಹಚ್ಚಿದಳು, ಬೀರಪ್ಪ ದೇವರ ಭಂಡಾರದ ಪುಡಿ ಹಚ್ಚಿದಳು, ಕಂಡವರು ಹೇಳಿದ್ದೆಲ್ಲ ಹಚ್ಚಿದಳು. ಹುಣ್ಣು ಮೂಗುತಿಯ ತೂತನ್ನು ನುಂಗಿ ತುದಿಗೆ ಹಬ್ಬಿತು.

ಕೊನೆಗೆ ಗಂಡ ಜ್ಯೋತೆಪ್ಪ ಚಕ್ಕಡಿ ಕಟ್ಟಿ ಮಿರಜಿನ ದವಾಖಾನೆಗೆ ಕರೆತಂದ. ಡಾಕ್ಟರು ನೋಡಿ, ಇದು ಕ್ಯಾನ್ಸರ್, ಮೂಗಿನ ಕೆಳಗಿನ ಅರ್ಧ ತೆಗೆಯದಿದ್ದರೆ ಕಣ್ಣಿಗೆ ಏರುತ್ತದೆ ಎಂದರು.

ದುಂಡವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆ ಸೀಮೆಯಲ್ಲಿ ಮೂಗಿಲ್ಲದ ಹೆಂಗಸನ್ನು ಕಂಡರೆ ಯಾರೂ ರೋಗ ಎನ್ನುವುದಿಲ್ಲ. ಹಾದಿ ಬಿಟ್ಟಳು, ಗಂಡ ಕೊಯ್ದ ಎನ್ನುತ್ತಾರೆ. ಜನರ ನಾಲಿಗೆಗೆ ಎಲುಬಿಲ್ಲ.

"ಬೇಕಾರ ಸಾಯತೇನಿ, ಮೂಗ ಕೊಯ್ಸಿಕೊಂಡು ಊರಾಗ ಕಾಲಿಡೂದಿಲ್ಲ" ಎಂದಳು.

ಜ್ಯೋತೆಪ್ಪನಿಗೆ ಅವನದೇ ಭಯ. "ನಾನ ಕೊಯ್ದೀನಂತ ಮಿರಜ ಸಂಸ್ಥಾನದ ಪೊಲೀಸರು ನನ್ನ ಹಿಡಕೊಂಡು ಹೋದ್ರ?"

ಕನ್ನಡ ಬಲ್ಲ ನರ್ಸಬಾಯಿ ಇಬ್ಬರನ್ನೂ ಕೂರಿಸಿ ಹೇಳಿದಳು: "ಹಣಿ ಮ್ಯಾಲಿನ ತೊಗಲು ಬಿಡಿಸಿ, ಹುಬ್ಬಿನ ಕಡೆ ಮಾತ್ರ ಬಿಡಿಸದ ಹಂಗ ಬಿಟ್ಟು, ಕೆಳಗ ಹೊಳ್ಳಿಸಿ ಹೊಸಾ ಮೂಗು ಮಾಡ್ತಾರ್ರಿ. ಮೂರು ವಾರಕ್ಕ ಅಲ್ಲೇ ಬೇರು ಹಿಡೀತೈತಿ. ಆಮ್ಯಾಲ ನಡುವಿನ ಸೇತುವಿ ಕತ್ತರಿಸ್ತಾರ."

"ಹಣಿ ಹರದ್ರ ಹಣೀಬರಾನೂ ಹರೀತೈತೇನ್ರಿ ಬಾಯಿ?"

ದುಂಡವ್ವ ಹಣೆ ಸವರಿಕೊಂಡಳು. ಏಳನೆಯ ವರ್ಷದಲ್ಲಿ ಅವ್ವ ಮೊಣಕಾಲ ನಡುವೆ ತಲೆ ಇರುಕಿ ಹಿಡಿದು, ಹಣೆಯ ಮೇಲ್ತುದಿಗೆ ಹಚ್ಚೆಯ ಚುಕ್ಕೆ ಹಾಕಿಸಿದ್ದಳು. "ಸತ್ತಾಗ ಬಂಗಾರ ಇಲ್ಲೇ ಉಳೀತೈತಿ, ಹಚ್ಚಿ ಒಂದ ಸಂಗಾಟ ಬರತೈತಿ" ಎಂದು ಕಣ್ಣೊರೆಸಿದ್ದಳು. ಅವ್ವ ಹೋಗಿ ಎಷ್ಟೋ ವರ್ಷವಾಯಿತು; ಈಗ ಅವಳ ಗುರುತೂ ಹೋಗುತ್ತದೆಂದು ದುಂಡವ್ವ ಗೋಡೆಗೆ ಮುಖ ಮಾಡಿ ಅತ್ತಳು.

ಹೊಸ ಮೂಗು ಸಿಗುತ್ತದಲ್ಲ ಎಂದು ಕೊನೆಗೆ ಒಪ್ಪಿದಳು. ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ಮುಖವೆಲ್ಲ ಪಟ್ಟಿ. ಹುಬ್ಬಿನ ನಡುವಿನಿಂದ ಏನೋ ದಪ್ಪಗೆ ಇಳಿದ ಹಾಗೆ ಭಾರ. "ಹೊಸಾ ಮೂಗು ಕೆಂಪಗ ಇದ್ರ ಜೀವ ಐತಿ. ನೀಲಿ ಆತು, ಕರ್ರಗಾತು ಅಂದ್ರ ಕೂಡ್ಲೆ ಹೇಳ್ರಿ" ಎಂದು ನರ್ಸಬಾಯಿ ಎಚ್ಚರಿಸಿದಳು. ಅಂದಿನಿಂದ ದುಂಡವ್ವನಿಗೆ ಅನ್ನ ಸೇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಹೊರಗಿನ ಪಟ್ಟಿ ಬಿಚ್ಚಿ, ನರ್ಸಬಾಯಿ ಹೊಸ ಬಟ್ಟೆ ತರಲು ಹೋದಳು. ದುಂಡವ್ವ ಒಳಗಿನ ಅರಿವೆ ಸರಿಸಿ ತಂಬಿಗೆಯ ನೀರಿನಲ್ಲಿ ಬಗ್ಗಿ ನೋಡಿಕೊಂಡಳು. ಊದಿದ ಮೂಗಿನ ತುದಿಯಲ್ಲಿ ನೀಲಿ ಚುಕ್ಕೆ.

ಕುರಿಯ ಕೆಚ್ಚಲು ಕೊಳೆಯುವುದನ್ನು ಅವಳು ಕಂಡವಳು. ಮೊದಲು ಹೀಗೇ ನೀಲಿ, ಆಮೇಲೆ ಕಪ್ಪು, ಆಮೇಲೆ ತಾನೇ ಕಳಚಿ ಬೀಳುತ್ತದೆ. ಜ್ಯೋತೆಪ್ಪನಿಗೆ ತೋರಿಸಿದಳು. ಅವನೂ ಕುರುಬ, ಅವನಿಗೂ ಕೆಚ್ಚಲೇ ನೆನಪಾಯಿತು.

"ಹೇಳಿ ಬರತೇನಿ" ಎಂದು ಎದ್ದ.

ಅವಳು ಅವನ ಧೋತರದ ತುದಿ ಹಿಡಿದಳು. "ಬ್ಯಾಡ್ರಿ. ಇದು ಸತ್ತೈತಿ ಅಂದ್ರ ಮತ್ತ ಕೊಯ್ತಾರ. ನನಗ ಇನ್ನೊಂದು ಹಣಿ ಎಲ್ಲೈತಿ?"

ನರ್ಸಬಾಯಿ ಮರಳುವ ಮೊದಲೇ ಹಳೆಯ ಪಟ್ಟಿಯನ್ನು ತಾನೇ ಸುತ್ತಿಕೊಂಡಳು; ಎರಡು ದಿನ ಅದನ್ನು ಬಿಚ್ಚಗೊಡಲಿಲ್ಲ. ನರ್ಸಬಾಯಿ ಬಂದರೆ ಸೆರಗು ಹಿಡಿದು ಮುದುಡುತ್ತಿದ್ದಳು, ಬೈಯುತ್ತಿದ್ದಳು. ಬಾಗಿಲು ಸದ್ದಾದರೆ ಚಾಕು ಬಂತೆಂದು ನಡುಗುತ್ತಿದ್ದಳು. ಮೂರನೆಯ ಬೆಳಿಗ್ಗೆ ಜ್ಯೋತೆಪ್ಪ ತಡೆಯಲಾರದೆ ಓಡಿಹೋಗಿ ಹೇಳಿಯೇಬಿಟ್ಟ.

ಡಾಕ್ಟರು ಬಂದರು. ಜ್ಯೋತೆಪ್ಪ ಅವಳ ಎರಡೂ ಕೈ ಹಿಡಿದ. ಅವಳು ಕಣ್ಣು ಮುಚ್ಚಿ ಬೀರಪ್ಪನನ್ನು ಕರೆಯುತ್ತಿದ್ದಳು. ಡಾಕ್ಟರು ಬೆರಳಿನಿಂದ ಒತ್ತಿ ನೋಡಿದರು. ಸುತ್ತಲಿನ ತೊಗಲು ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಚುಕ್ಕೆ ಇದ್ದ ಹಾಗೇ ಇತ್ತು. ಅವರು ನರ್ಸಬಾಯಿಯನ್ನು ಮರಾಠಿಯಲ್ಲಿ ಏನೋ ಕೇಳಿದರು. ಅವಳು ಹಾಸಿಗೆಯತ್ತ ಬಗ್ಗಿದಳು.

"ದುಂಡವ್ವ, ಹಣಿ ಮ್ಯಾಲ ನಿಮಗ ಹಚ್ಚಿ ಇತ್ತೇನ್ರಿ?"

ದುಂಡವ್ವ ಕಣ್ಣು ತೆರೆದಳು. ಹಣೆಯ ಮೇಲ್ತುದಿಯ ತೊಗಲೇ ತಿರುಗಿ ಇಳಿದು ಮೂಗಿನ ತುದಿಯಾಗಿತ್ತು. ಜ್ಯೋತೆಪ್ಪ ನೆಲದ ಮೇಲೆ ಕುಸಿದು ಕೂತು ಸಣ್ಣ ಮಗುವಿನಂತೆ ಅತ್ತ. ಇಪ್ಪತ್ತೈದು ವರ್ಷ ಹೆಂಡತಿಯ ಹಣೆ ನೋಡಿದ್ದ ಪುಣ್ಯಾತ್ಮನಿಗೆ ಅದು ನೆನಪಾಗಿರಲಿಲ್ಲ!

ಮೂರು ವಾರಕ್ಕೆ ಸೇತುವೆ ಕತ್ತರಿಸಿದರು. ಮೂಗು ಸ್ವಲ್ಪ ದಪ್ಪ, ಸ್ವಲ್ಪ ಸೊಟ್ಟ, ಆದರೆ ಮೂಗೇ. ಹುಣ್ಣು ಮರಳಿ ಬಂದೀತೆಂಬ ಹೆದರಿಕೆ ಅವಳನ್ನು ಪೂರ್ತಿ ಬಿಡಲಿಲ್ಲ. ಊರಿಗೆ ಹೊರಟ ಚಕ್ಕಡಿಯಲ್ಲಿ ಮೊದಲ ಸಲ ಸೆರಗು ಸರಿಸಿ ಕೂತಳು. ಎದುರು ಬಂದವರು ನೋಡಿದರೆ ತಾನೂ ನೋಡಿದಳು.

ಕನ್ನಡಿಯಿಲ್ಲದೆ ತನ್ನ ಹಣೆ ತಾನು ನೋಡಿಕೊಂಡವರಿಲ್ಲ. ಅವ್ವ ಹಾಕಿಸಿದ ಚುಕ್ಕೆಯನ್ನು ಊರೆಲ್ಲ ಕಂಡಿತ್ತು, ಅವಳ ಕಣ್ಣಿಗೆ ಮಾತ್ರ ನೇರವಾಗಿ ಬಿದ್ದಿರಲಿಲ್ಲ. ಈಗ ಕಣ್ಣು ಕೆಳಗಿಳಿಸಿದರೆ ಸಾಕು, ಮೂಗಿನ ತುದಿಯಲ್ಲಿ ನೀಲಿಯಾಗಿ ಕಾಣುತ್ತಿತ್ತು. ಹೆದರಿಕೆಯಾದಾಗಲೆಲ್ಲ ದುಂಡವ್ವ ಅದನ್ನೇ ನೋಡಿಕೊಳ್ಳುತ್ತಿದ್ದಳು.