ದೋಸೆ ಕಾವಲಿಯ ಮೇಲೆ ಇಂಜಿನ್ ಆಯಿಲ್

ಅದು ಸ್ಟೀಲ್ ತಟ್ಟೆಯೋ ಅಲ್ಲವೋ, ಈಗ ಖಚಿತವಾಗಿ ಹೇಳಲಾರೆ. ರಾಜಾಜಿನಗರದ ಮನೆಯ ಹಿತ್ತಲಲ್ಲಿ ಭಾವ ಒಂದು ತಟ್ಟೆಯನ್ನು ಓರೆಯಾಗಿ ಹಿಡಿದು ಎರಡು ತೊಟ್ಟು ಇಂಜಿನ್ ಆಯಿಲ್ ಬಿಟ್ಟದ್ದು ನೆನಪಿದೆ. ತಟ್ಟೆ ಹೊಳೆಯುತ್ತಿತ್ತು ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಎಪ್ಪತ್ತರ ದಶಕದ ಒಂದು ಚಳಿಗಾಲ.

ಭಾವ, ಅಂದರೆ ಅಕ್ಕನ ಗಂಡ, ಹಳೆಯ ಕಾರೊಂದರ ಇಂಜಿನ್ನನ್ನು ಮದರಾಸಿನ ರೇಸಿಗೆಂದು ಬಿಚ್ಚಿ ಕಟ್ಟಿದ್ದರು. ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಹಾಳಾದರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಎಣ್ಣೆ ತೀರಾ ತೆಳುವಾದರೆ ಆ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಉಜ್ಜಿ ಸುಡುತ್ತದೆ. ತೀರಾ ಮಂದವಾದರೆ ಇಂಜಿನ್ನಿನ ಬಲ ಎಣ್ಣೆ ಕಲಕುವುದರಲ್ಲೇ ಕಳೆಯುತ್ತದೆ. ಮೂವತ್ತನೇ ನಂಬರಿನ ಎಣ್ಣೆಯೋ, ಅದಕ್ಕಿಂತ ಮಂದವಾದ ನಲವತ್ತೋ?

ತಟ್ಟೆಯ ಮೇಲೆ ಮೂವತ್ತು ಓಡಿತು, ನಲವತ್ತು ತೆವಳಿತು.

"ನೋಡೋ, ಮೂವತ್ತೇ ಗೆದ್ದಿದ್ದು," ಎಂದರು ಭಾವ.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಾ ರೀ, ಈ ಚಳೀಲಿ ಒಗ್ಗರಣೆ ಎಣ್ಣೇನೂ ತೆವಳುತ್ತೆ. ಮದರಾಸಲ್ಲಿ ಸ್ವೆಟರ್ ಹಾಕ್ಕೊಂಡು ಓಡಿಸ್ತೀರಾ?"

"ನಿಮ್ಮಕ್ಕನ್ನ ಮೆಕ್ಯಾನಿಕ್ ಮಾಡ್ಬೇಕಿತ್ತು ಕಣೋ."

"ಮಾಡಿದ್ರೆ ನಿಮ್ಮ ಕಾರು ಇಷ್ಟೊತ್ತಿಗೆ ಮದರಾಸು ಸೇರಿರೋದು. ನನ್ನ ಕಾವಲಿ ಮಾತ್ರ ಮುಟ್ಬೇಡಿ."

ಮುಟ್ಟಿದರು. ಸೀಮೆಎಣ್ಣೆ ಸ್ಟೌ ಮೇಲೆ ಕಾಯಿಸಿದ ಕಾವಲಿಯಲ್ಲಿ ಎರಡು ತೊಟ್ಟುಗಳೂ ನೀರಿನಂತೆ ಜಾರಿದವು; ನಲವತ್ತು ಕೂದಲೆಳೆಯಷ್ಟು ಹಿಂದೆ. ಅಷ್ಟೊಂದಿದ್ದ ವ್ಯತ್ಯಾಸ ಬಿಸಿಗೆ ಎಲ್ಲಿ ಹೋಯಿತು ಎಂದು ನಾನು ಬಗ್ಗಿ ನೋಡುತ್ತಲೇ ಇದ್ದೆ. ಆ ಕಾವಲಿ ಮತ್ತೆ ದೋಸೆ ಕಾಣಲಿಲ್ಲ.

ಬಿಸಿಯಲ್ಲೂ ಚೂರಾದರೂ ಮಂದವಾಗಿ ಉಳಿಯುವುದು ಅದೇ ಎಂದು ಭಾವ ನಲವತ್ತು ತುಂಬಿಸಿ, ಪರೀಕ್ಷೆಗೆಂದು ಕೆಂಗೇರಿಯ ಕಡೆ ಹೊರಟರು. ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಪ್ರೆಶರ್ ಮುಳ್ಳನ್ನು ಕಾಯುವುದು ನನ್ನ ಕೆಲಸ; ಅದು ಇಳಿಯುತ್ತಲೇ ಹೋದರೆ ಎಣ್ಣೆ ತೀರಾ ತೆಳುವಾಯಿತೆಂದು ಅರ್ಥ. ಬಾಪೂಜಿ ನಗರ ದಾಟಿ ರಸ್ತೆ ಬರಿದಾದಾಗ ಅವರು ಆಕ್ಸಿಲರೇಟರ್ ಒತ್ತಿದರು. ಹೋಗುವಾಗ ಮುಳ್ಳು ಮೇಲೆಯೇ ಇತ್ತು. ಇಂಜಿನ್ ಕಾದ ಮೇಲೆ, ವಾಪಸು ಬರುವಾಗ, ನಿಧಾನವಾಗಿ ಇಳಿದು ಒಂದು ಕಡೆ ನಿಂತಿತು.

"ನಿಂತಿದೆಯೇನೋ?"

"ನಿಂತಿದೆ ಭಾವ."

ನಾವು ಕೆಂಗೇರಿಯವರೆಗೆ ಹೋಗಲೇ ಇಲ್ಲ ಎಂದು ಅಕ್ಕ ಈಗ ಹೇಳುತ್ತಾಳೆ. ಅವಳು ಕಾರಿನಲ್ಲಿರಲಿಲ್ಲ.

ರೇಸಿನಲ್ಲಿ ಭಾವ ಗೆಲ್ಲಲಿಲ್ಲ. ಆದರೆ ಇಂಜಿನ್ ಬಿಚ್ಚಿದಾಗ ಶಾಫ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಹಿತ್ತಲಲ್ಲಿ ಮಾತ್ರ ಎರಡು ಡಬ್ಬಗಳೂ ಖಾಲಿಯಾಗಿ ಬಿದ್ದಿದ್ದವು, ಮೂವತ್ತರದೂ ನಲವತ್ತರದೂ. ಮದರಾಸಿಗೆ ಹೊರಡುವ ಮುಂಚೆ ಎರಡನ್ನೂ ಬೆರೆಸಿದಿರಾ ಎಂದು ಕೇಳಿದೆ. ಭಾವ ಅಕ್ಕನ ಕಡೆ ನೋಡಿ ನಕ್ಕರು. ಆ ಶಾಫ್ಟನ್ನು ಉಳಿಸಿದ್ದು ಯಾವ ಎಣ್ಣೆಯೋ ನನಗೆ ಗೊತ್ತಿಲ್ಲ.