ಶಿವದಾರದ ಇನ್ನೊಂದು ತುದಿ

ಇವತ್ತು ಬೆಳಿಗ್ಗೆ ಯಾದಗಿರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಚೀಲ ತೆಗೆದೆ ನೋಡಿ, ಒಳಗಿಂದ ಮೇಣದ ವಾಸನೆ ಬಂತು. ದಾರದ ಉಂಡೆಯ ಜೊತೆ ಇಟ್ಟುಕೊಂಡಿರುವ ಸಣ್ಣ ಮೇಣದ ತುಂಡು ಅದು. ಪಕ್ಕದಲ್ಲಿ ನಮ್ಮ ಯಜಮಾನರು. ಒಳಗೆ ಡಾಕ್ಟರು ಅವರ ಸ್ಕ್ಯಾನಿಂಗ್ ರಿಪೋರ್ಟ್ ನೋಡುತ್ತಿದ್ದರು. ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆದು ವರ್ಷವಾಗಿತ್ತು. ಅದು ಮತ್ತೆ ಬಂದಿದೆಯೋ ಇಲ್ಲವೋ, ಇನ್ನು ಸ್ವಲ್ಪ ಹೊತ್ತಿಗೆ ಹೇಳುವವರಿದ್ದರು.

ಚಿಂತೆ ಮಾಡುವುದರಲ್ಲಿ ನಾನು ಪಳಗಿದವಳು. ಶಹಾಪುರದ ನಮ್ಮ ಮನೆಗೆ ಕೀಲಿ ಹಾಕಿ, ಓಣಿಯ ತುದಿ ಮುಟ್ಟಿದವಳು ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಬಸ್ಸು ಭೀಮರಾಯನಗುಡಿ ದಾಟುವಷ್ಟರಲ್ಲಿ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂಬುದು ಶುರುವಾಗುತ್ತದೆ. "ಚಿಂತಿ ಇಲ್ಲಂದ್ರ ನಿನಗ ಅದೂ ಒಂದು ಚಿಂತಿ ಆಗ್ತದ" ಎಂದು ಯಜಮಾನರು ನಗುತ್ತಾರೆ.

ಶಿವದಾರ ಹೊಸೆಯಲು ಕಲಿಸಿದವಳು ಸುರಪುರದ ದೊಡ್ಡವ್ವ, ನಮ್ಮವ್ವನ ಅಕ್ಕ. ಲಿಂಗದ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ಆ ದಾರವನ್ನು ಆಕೆ ಅಂಗಡಿಯಿಂದ ತಂದವಳೇ ಅಲ್ಲ. ರಜೆಗೆ ಹೋದಾಗ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆಯುತ್ತಿದ್ದಳು. ಒಂದೊಂದು ಹೊಸೆತಕ್ಕೂ 'ನಮಃ ಶಿವಾಯ' ಅನ್ನಬೇಕು. ನನಗೋ ಹೊರಗೆ ಕುಂಟಾಬಿಲ್ಲೆ ಆಡುವವರ ಮೇಲೆ ಕಣ್ಣು. ನನ್ನ ಸರದಿ ಬಂದಾಗ ದಬದಬ ಹೊಸೆದು ದಾರವೆಲ್ಲ ಮುದುಡಿ ಗಂಟಾಗುತ್ತಿತ್ತು.

"ಯಾರರ ಬೆನ್ನ ಹತ್ಯಾರೇನ ನಿನಗ? ಹುರಿ ಹೆಚ್ಚಾತಂದ್ರ ಗಂಟಾಗ್ತದ. ಸಾವಕಾಶ ಹೊಸಿ."

"ದೇವರ ಹೆಸರ ಮರತೇನಿ ದೊಡ್ಡವ್ವಾ. ಮನಸು ಎಲ್ಲೋ ಹೋಗಿಬಿಡ್ತದ."

"ಹೋಗ್ಲಿ ಬಿಡ. ಕೈ ಇಲ್ಲೇ ಅದ ಇಲ್ಲ? ಮನಸು ಹಿಂದಿಂದ ಬರ್ತದ."

ಹೋದ ವರ್ಷ, ಆಪರೇಷನ್ನಿನ ದಿನ, ನರ್ಸು ಬಾಗಿಲಿಗೆ ಬಂದು ಯಜಮಾನರ ಕರಡಿಗೆಯನ್ನು ನನ್ನ ಕೈಯಲ್ಲಿಟ್ಟಳು. "ಗಂಟು ಬಿಚ್ಚಲಿಲ್ರಿ ಅಕ್ಕಾರ, ದಾರ ಕತ್ತರಸಬೇಕಾತು" ಅಂದಳು. ಲಿಂಗ ಮೈಯಿಂದ ಅಗಲಬಾರದು ಎಂದು ಕೇಳಿ ಬೆಳೆದವರು ನಾವು. ಅದೂ ದಾರ ಕತ್ತರಿಸಿ! ಅಪಶಕುನ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಳೆಯ ದಾರ ಸವೆದಿದೆ, ಹೊಸದು ಮಾಡಬೇಕೆಂದು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದ ಉಂಡೆ ನೆನಪಾಯಿತು. ತುದಿ ಹಿಡಿಯುವವರು ಯಾರೂ ಇರಲಿಲ್ಲ. ಬೆಂಚಿನ ಕಾಲಿಗೆ ಕಟ್ಟಿ ಹೊಸೆಯತೊಡಗಿದೆ. ಮೊದಲು ಬರೀ ಗಂಟು. ಬಿಚ್ಚಿದೆ, ಮತ್ತೆ ಹೊಸೆದೆ. ಮಂತ್ರ ನಾಲಗೆಗೆ ಹತ್ತಲಿಲ್ಲ. 'ಉಳಿಸಪ್ಪಾ, ಉಳಿಸಪ್ಪಾ' ಎಂಬುದೊಂದೇ. ಅದೇ ಹೊಸೆತಕ್ಕೆ ಕೂಡಿಕೊಂಡಿತು. ಯಾವಾಗಲೋ ಉಸಿರು ನೆಟ್ಟಗಾಯಿತು. ಹೆದರಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಅದು ಪಕ್ಕಕ್ಕೆ ಸರಿದು ಕೂತು ನನಗಷ್ಟು ಜಾಗ ಕೊಟ್ಟಿತು.

ಅವರಿಗೆ ಎಚ್ಚರವಾದ ಮೇಲೆ ಹೊಸ ದಾರವನ್ನು ಕೊರಳಿಗೆ ಕಟ್ಟಿದೆ. ಅಳತೆಗೆ ಅವರು ಸಿಗದೆ ನನ್ನ ಕೊರಳಿಗೇ ಹಿಡಿದು ನೋಡಿದ್ದೆನಲ್ಲ, ಕರಡಿಗೆ ಎದೆಗೆ ಇಳಿಯದೆ ಗಂಟಲ ಹತ್ತಿರವೇ ನಿಂತಿತು. ಅವರು ವರ್ಷವಿಡೀ ಅದನ್ನೇ ಹಾಕಿಕೊಂಡರು. "ಇದನ್ನ ಬಿಚ್ಚಿದ್ರ ನೀ ಮತ್ತ ಹೆದರ್ತಿ" ಅಂದರು.

ಇವತ್ತು ಹೊಸೆಯಲು ಕೂತದ್ದು ಅವರ ಅಳತೆಯ ದಾರ. ರೂಢಿಯಂತೆ ತುದಿಯನ್ನು ಬೆಂಚಿನ ಕಾಲಿಗೆ ಕಟ್ಟಿದ್ದೆ.

"ಮನಿ ಕೀಲಿ ಹಾಕಿದೇನು?" ಯಜಮಾನರು ಇದ್ದಕ್ಕಿದ್ದಂತೆ ಕೇಳಿದರು.

"ನೆನಪಿಲ್ರಿ."

ಗಾಬರಿಯಿಂದ ನನ್ನ ಮುಖ ನೋಡಿದರು. ಒಂದೊಂದೇ ಜೇಬು ತಡವಿ ಕೀಲಿಕೈ ಹುಡುಕತೊಡಗಿದರು. ಅವರಿಗೂ ಹೆದರಿಕೆ ಇದೆಯೆಂದು ನನಗೆ ತಿಳಿದದ್ದೇ ಆಗ. ಮನೆಯ ಚಿಂತೆಯನ್ನೆಲ್ಲ ನಾನೊಬ್ಬಳೇ ಗುತ್ತಿಗೆ ಹಿಡಿದಿದ್ದೇನೆ ಎಂದುಕೊಂಡಿದ್ದೆನಲ್ಲ! ಬೆಂಚಿನ ಕಾಲಿನಿಂದ ದಾರ ಬಿಚ್ಚಿ ತುದಿಯನ್ನು ಅವರ ಬೆರಳಿಗೆ ಕೊಟ್ಟೆ.

"ಹಿಡೀರಿ. ಸಡ್ಲ ಬಿಡಬ್ಯಾಡ್ರಿ."

ಹಿಡಿದರು. ನಾನು ಹೊಸೆದೆ. ಸ್ವಲ್ಪ ಹೊತ್ತಿಗೆ ಅವರ ತುಟಿಯೂ ಆಡತೊಡಗಿತು. ಒಳಗಿನಿಂದ ಅವರ ಹೆಸರು ಕರೆದರು. ಇಬ್ಬರೂ ಎದ್ದೆವು. ದಾರದ ತುದಿ ಅವರ ಕೈಯಲ್ಲೇ ಇತ್ತು.